ಹಂಪ್ ಹಾದಿಯ ವಿಮಾನಗಳು

ಅರುಣಾಚಲ ಪ್ರದೇಶದ ಪಾಸಿಘಾಟ್‌ನಲ್ಲಿ 2023ರ ನವೆಂಬರ್‌ನಲ್ಲಿ ಒಂದು ವಸ್ತುಸಂಗ್ರಹಾಲಯ ತೆರೆಯಿತು. ಅಲ್ಲಿರುವುದು ಎರಡನೇ ಮಹಾಯುದ್ಧದಲ್ಲಿ ಆ ಬೆಟ್ಟಗಳಿಗೆ ಅಪ್ಪಳಿಸಿದ ವಿಮಾನಗಳ ಅವಶೇಷ. ಆ ಕಥೆ ಬೆಳಕಿಗೆ ಬರಲು ಅರವತ್ತು ವರ್ಷಗಳಿಗೂ ಹೆಚ್ಚು ಹಿಡಿಯಿತು.

1942ರಲ್ಲಿ ಜಪಾನೀಯರು ಬರ್ಮಾ ಹಿಡಿದಾಗ ಚೀನಾಕ್ಕೆ ಸರಕು ಹೋಗುತ್ತಿದ್ದ ರಸ್ತೆ ಮುಚ್ಚಿತು. ಇನ್ನು ವಿಮಾನವೇ ಗತಿ. ಅಸ್ಸಾಮಿನ ಚಬುವಾ, ದಿಂಜಾನ್‌ಗಳ ಚಹಾ ಸೀಮೆಯಿಂದ ಪೆಟ್ರೋಲು, ಮದ್ದುಗುಂಡು ಹೊತ್ತು ಅಮೆರಿಕದ ವಿಮಾನಗಳು ಕುನ್‌ಮಿಂಗ್‌ಗೆ ಹಾರಿದವು. ಹಿಮಾಲಯದ ಪೂರ್ವ ತುದಿ ದಾಟುವ ಆ ದಾರಿಗೆ ಪೈಲಟ್‌ಗಳಿಟ್ಟ ಹೆಸರು ‘ಹಂಪ್’. ನಂಬಬಹುದಾದ ನಕ್ಷೆಯಿಲ್ಲ, ರೆಕ್ಕೆಗೆ ಕಟ್ಟುವ ಮಂಜುಗಡ್ಡೆ, ಹಠಾತ್ತನೆ ಎದ್ದು ಬಡಿಯುವ ಗಾಳಿ. ಜಪಾನೀ ಯುದ್ಧವಿಮಾನಗಳ ಭಯಕ್ಕೆ ಇನ್ನೂ ಉತ್ತರಕ್ಕೆ, ಇನ್ನೂ ಎತ್ತರದ ಶಿಖರಗಳ ಮೇಲೆ ಹಾರಬೇಕಿತ್ತು. 1945ರ ನವೆಂಬರ್‌ವರೆಗೆ ಸಾಗಿದ ಸರಕು ಸುಮಾರು 6.5 ಲಕ್ಷ ಟನ್. ಕಳೆದುಹೋದ ವಿಮಾನಗಳು ಸುಮಾರು 600. ಸತ್ತವರು, ಕಾಣೆಯಾದವರು 1,600ಕ್ಕೂ ಹೆಚ್ಚು.

ಯುದ್ಧ ಮುಗಿದ ಮೇಲೆ ಸೇನೆಯ ದಾಖಲೆಗಳಲ್ಲಿ ಟನ್ನುಗಳ ಲೆಕ್ಕ ಉಳಿಯಿತು. ವಿಮಾನಗಳು ಬಿದ್ದ ಜಾಗ ಗೊತ್ತಿದ್ದದ್ದು ಬೆಟ್ಟದ ಬೇಟೆಗಾರರಿಗೆ. ಅಲ್ಯೂಮಿನಿಯಂ ಹಾಳೆಯನ್ನು ಹಳ್ಳಿಗರು ಪಾತ್ರೆ, ಸಲಕರಣೆ ಮಾಡಿಕೊಂಡಿದ್ದರು. ಅಮೆರಿಕದ ಅರಿಜೋನಾದ ಕ್ಲೇಟನ್ ಕೂಲ್ಸ್ ಈ ಶತಮಾನದ ಆರಂಭದಿಂದ ಹುಡುಕಾಟಕ್ಕಿಳಿದಾಗ ಅವರಿಗೆ ದಾರಿ ತೋರಿಸಿದವರು ಈ ಜನರೇ. ನನ್ನ ಮಟ್ಟಿಗೆ ಈ ಇತಿಹಾಸದ ಮೊದಲ ಸಂರಕ್ಷಕರು ಇವರು. 1944ರ ಜನವರಿಯಲ್ಲಿ ಕುನ್‌ಮಿಂಗ್‌ನಿಂದ ಚಬುವಾಗೆ ಮರಳುತ್ತಿದ್ದಾಗ ಎಂಟು ಮಂದಿಯೊಂದಿಗೆ ಕಾಣೆಯಾಗಿದ್ದ ‘ಹಾಟ್ ಆ್ಯಸ್ ಹೆಲ್’ ಎಂಬ ಬಾಂಬರ್, 2006ರಲ್ಲಿ ದಮ್ರೋ ಹಳ್ಳಿಯ ಸಮೀಪ ಪತ್ತೆಯಾಯಿತು. ಅದರಲ್ಲಿದ್ದ ಒಬ್ಬ ಅಧಿಕಾರಿಯ ಅಸ್ಥಿ 2017ರಲ್ಲಿ ಜಾರ್ಜಿಯಾದ ತವರೂರಿನ ಮಣ್ಣು ಸೇರಿತು. ಎಪ್ಪತ್ಮೂರು ವರ್ಷ ಆ ಮನೆಯವರು ಕಾದಿದ್ದರು.

ಈ ಯುದ್ಧರಂಗಕ್ಕೂ ಬೆಂಗಳೂರಿಗೂ ನೇರ ನಂಟಿದೆ. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಮೈಸೂರು ಸರ್ಕಾರದ ಜೊತೆಗೂಡಿ 1940ರಲ್ಲಿ ಕಟ್ಟಿದ ಹಿಂದುಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯ ಆಡಳಿತ 1943ರಲ್ಲಿ ಅಮೆರಿಕದ ಸೇನೆಯ ಕೈಗೆ ಹೋಯಿತು. ಪೂರ್ವದ ಯುದ್ಧರಂಗದ ಸಾಗಣೆ ವಿಮಾನಗಳೂ ಎಂಜಿನ್‌ಗಳೂ ಇಲ್ಲಿ ದುರಸ್ತಿಯಾದವು. ಸ್ಪ್ಯಾನರ್ ಹಿಡಿದ ಆ ಕೈಗಳಲ್ಲಿ ನಮ್ಮ ಸೀಮೆಯವರದೂ ಇದ್ದವು. ಅವರ ಕಥೆಗೆ ಸಿಗಬೇಕಾದ ಗಮನ ಸಿಕ್ಕಿಲ್ಲ. ನಿಮ್ಮ ಅಜ್ಜ, ಮುತ್ತಜ್ಜ ಆಗ ಆ ಕಾರ್ಖಾನೆಯಲ್ಲಿ ದುಡಿದಿದ್ದರೆ ಅವರ ಪಾಸು, ಫೋಟೊ, ಪತ್ರಗಳನ್ನು ಗುಜರಿಗೆ ಹಾಕಬೇಡಿ. ಮನೆಯ ಹಿರಿಯರಿಗೆ ನೆನಪಿರುವುದನ್ನು ಇವತ್ತೇ ಬರೆದಿಟ್ಟುಕೊಳ್ಳಿ.