ಕೌದಿಗೆ ಉಳಿದ ಪಟ್ಟಿಗಳು

ಮಹಾರಾಷ್ಟ್ರದ ಗಡಿಗೆ ಹತ್ತಿಕೊಂಡಿರುವ ಮಂಗಸೂಳಿಯು ಖಂಡೋಬನ ಗುಡಿಯಿಂದ ಹೆಸರಾದ ಊರು. ಮೊದಲು ಅಥಣಿ ತಾಲೂಕಿಗೆ ಸೇರಿದ್ದುದು ಈಗ ಕಾಗವಾಡ ತಾಲೂಕಿನಲ್ಲಿದೆ. ಕನ್ನಡ ಮರಾಠಿಗಳೆರಡೂ ಒಂದೇ ಪಡಸಾಲೆಯಲ್ಲಿ ಕೇಳಿಬರುವ ಈ ಸೀಮೆಯಲ್ಲಿ, ಹಳೆಯ ಅರಿವೆಗಳನ್ನು ಪದರುಪದರಾಗಿ ಹಾಸಿ ಹೊಲಿದ ಹೊದಿಕೆಗೆ ಒಬ್ಬರು ಕೌದಿಯೆಂದರೆ ಇನ್ನೊಬ್ಬರು ಗೋಧಡಿಯೆನ್ನುವರು. ಹೊಲಿಗೆ ಮಾತ್ರ ಒಂದೇ.

ಸೀರೆ ಧೋತರಗಳನ್ನು ಕೌದಿಗೆಂದು ಹರಿಯುವಾಗ ದೊಡ್ಡ ತುಂಡುಗಳಿಗೆ ತಮ್ಮ ಸ್ಥಳವು ತಾನಾಗಿಯೇ ದೊರೆಯುವದು. ತೊಡಕಾಗುವದು ಕಡೆಗೆ ಉಳಿಯುವ ಪಟ್ಟಿಗಳಿಂದ. ಸೀರೆಯ ದಡಿ, ಕುಬಸದ ಖಣ ಕತ್ತರಿಸಿದಾಗ ಬಿದ್ದ ಚೂರು, ಅಂಗಿಯ ಅಂಚು ಇವೇ ಅವು. ಬಹಳ ಮನೆಗಳಲ್ಲಿ ಇವುಗಳನ್ನು ಗಂಟು ಕಟ್ಟಿ ಅಟ್ಟಕ್ಕೇರಿಸುವರು. ಇದರಿಂದ ಇಲಿಗಳ ಸಂಸಾರಕ್ಕೆ ಅನುಕೂಲವಾಗುವದೇ ಹೊರತು ಮನೆಯವರಿಗೆ ಯಾವ ಲಾಭವೂ ಇಲ್ಲ. ಇನ್ನು ಕೆಲವರು ಹಿಡಿಹಿಡಿಯಾಗಿ ಕೌದಿಯ ನಡುವೆ ತುರುಕುವದುಂಟು. ಅಂಥ ಕೌದಿಯು ಎರಡನೆಯ ಒಗೆತಕ್ಕೆ ಗಂಟುಗಂಟಾಗಿ, ಮಲಗಿದವರ ಬೆನ್ನಿಗೆ ಒತ್ತುವದು.

ಪಟ್ಟಿಗಳನ್ನು ಮೊದಲು ಅಗಲ ನೋಡಿ ಬೇರ್ಪಡಿಸತಕ್ಕದ್ದು. ಎರಡೂ ಮಗ್ಗುಲನ್ನು ಅರ್ಧರ್ಧ ಬೆರಳು ಒಳಗೆ ಮಡಿಚಿ ಹೊಲಿಯುವದರಿಂದ ಮೂರು ಬೆರಳಿನ ಪಟ್ಟಿಯು ಎರಡು ಬೆರಳಾಗಿ ಕಾಣುವದು. ಒಂದೂವರೆ ಬೆರಳಿನದು ಅರ್ಧ ಬೆರಳಿಗೆ ಇಳಿಯುವದು. ಆದುದರಿಂದ ಅಗಲವಾದವುಗಳನ್ನು ಮೇಲ್ಮೈಗೆ ತೆಗೆದಿಟ್ಟು, ಕಿರಿದಾದವುಗಳನ್ನು ಒಳಪದರಿನಲ್ಲಿ ಒಂದರ ಮಗ್ಗುಲಿಗೊಂದು ಚಪ್ಪಟೆಯಾಗಿ ಹಾಸಬೇಕು. ಇವು ಹೊಲಿಗೆಯ ಸಾಲಿಗೆ ಅಡ್ಡಲಾಗಿ ಬಿದ್ದಿರಬೇಕೆಂಬುದೇ ಮುಖ್ಯ. ಸಾಲಿನ ಉದ್ದಕ್ಕೇ ಹಾಸಿದರೆ ಎರಡು ಸಾಲುಗಳ ನಡುವೆ ಸೂಜಿಗೆ ಸಿಗದೆ ಉಳಿದು ಮುದ್ದೆಯಾಗುವವು. ಅಡ್ಡ ಹಾಸಿದರೆ ಪ್ರತಿಯೊಂದು ಸಾಲೂ ಅವುಗಳನ್ನು ಹಿಡಿದು ನಿಲ್ಲಿಸುವದು. ಇಳಕಲ್ಲ ಸೀರೆಯ ದಡಿಯಂಥ ಗಟ್ಟಿ ನೇಯ್ಗೆಯನ್ನು ನಾಲ್ಕೂ ಅಂಚಿಗೆ ಮೀಸಲಿಡುವದು ಲೇಸು. ಕೌದಿಯನ್ನು ಎಳೆದುಕೊಳ್ಳುವ ಕೈಗಳು ಮೊದಲು ಸವೆಯಿಸುವದು ಅಂಚನ್ನೇ. ಓರೆಯಾಗಿ ಕತ್ತರಿಸಿದ ಪಟ್ಟಿಗಳು ಎಳೆದತ್ತ ಹಿಗ್ಗುವದರಿಂದ ಅವುಗಳನ್ನು ತಳದ ಅರಿವೆಗೆ ದೂರದೂರ ಹೊಲಿಗೆ ಹಾಕಿ ನಿಲ್ಲಿಸಿಕೊಳ್ಳಬೇಕು.

ಹೊಸ ಹತ್ತಿಯ ಚೂರುಗಳನ್ನು ಒಂದು ರಾತ್ರಿ ನೀರಿನಲ್ಲಿ ನೆನೆಯಿಸಿ ಒಣಗಿಸದೆ ಹಳೆಯ ಅರಿವೆಯ ಜೊತೆಗೆ ಕೂಡಿಸಬಾರದು. ಹೊಸದು ಮೊದಲ ಒಗೆತದಲ್ಲಿ ಕುಗ್ಗಿ, ನೆರೆಯ ಜೀರ್ಣವಾದ ಅರಿವೆಯನ್ನು ಜಗ್ಗಿ ಹರಿಯುವದು.

ಇಷ್ಟೆಲ್ಲ ಅಗಲದ ಮಾತಾಯಿತು. ನಮ್ಮ ಅಭಿಪ್ರಾಯದಲ್ಲಿ ಇಂದಿನ ದೊಡ್ಡ ತೊಂದರೆಯು ಅರಿವೆಯ ಜಾತಿಯದು. ಹಿಂದಿನ ಕೌದಿಯು ಬೆಚ್ಚಗಿರುತ್ತಿದ್ದುದು ಬರಿಯ ದಪ್ಪದಿಂದಲ್ಲ. ಅನೇಕ ಸಾರೆ ಒಗೆದು ಮೆತ್ತಗಾದ ಹತ್ತಿಯ ಪದರುಗಳ ನಡುವೆ ಗಾಳಿಯು ಅಲುಗದೆ ನಿಲ್ಲುತ್ತಿದ್ದುದರಿಂದ. ಈಗ ಸಿಂಪಿಗರ ಅಂಗಡಿಯಿಂದ ಬರುವ ಚೀಲದಲ್ಲಿ ಪಾಲಿಯೆಸ್ಟರಿನ ಪಟ್ಟಿಗಳೇ ಹೆಚ್ಚು. ಅವು ಬಣ್ಣದಲ್ಲಿ ಬೆಡಗಿನವು. ಆದರೆ ಬೆವರನ್ನು ಹೀರವು, ಹೊಲಿಯುವಾಗ ಜಾರುವವು, ಅಂಚು ಎಳೆಯೆಳೆಯಾಗಿ ಬಿಚ್ಚುವದು. ಇವೆಲ್ಲಕ್ಕಿಂತ ಕೆಟ್ಟದ್ದೆಂದರೆ, ಒಲೆಯ ಕಿಡಿ ತಗುಲಿದರೆ ಕರಗಿ ಚರ್ಮಕ್ಕೆ ಅಂಟುವವು. ಕೂಸಿನ ತೊಟ್ಟಿಲಿಗೆ ಹಾಸುವ ಕೌದಿಯಲ್ಲಿ ಇಂಥ ಒಂದು ಪಟ್ಟಿಯೂ ಇರಕೂಡದು. ಈ ಒಂದು ವಿಷಯದಲ್ಲಿ ನಾವು ಯಾರ ಕಾಟಕಾಯಿಯನ್ನೂ ಮೆಚ್ಚುವದಿಲ್ಲ.

ಜಾತಿಯನ್ನು ತಿಳಿಯುವದು ಕಠಿಣವಲ್ಲ. ಪಟ್ಟಿಯಿಂದ ಒಂದೆರಡು ಎಳೆ ತೆಗೆದು, ಚಿಮಟಿಗೆಯಲ್ಲಿ ಹಿಡಿದು, ಮಕ್ಕಳಿಲ್ಲದ ಕಡೆ ದೀಪಕ್ಕೆ ತಾಗಿಸಿ ನೋಡಿರಿ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬಂದು ಮೆತ್ತನೆಯ ಬೂದಿ ಉಳಿಯುವದು; ಪಾಲಿಯೆಸ್ಟರಾದರೆ ಮುದುಡಿ ಗಟ್ಟಿಯಾದ ಮಣಿಯಾಗುವದು. ಅದು ಇನ್ನೂ ಬಿಸಿಯಿರುವಾಗ ಬೆರಳಿನಿಂದ ಮುಟ್ಟಬಾರದು. ಮಣಿಯಾದ ಪಟ್ಟಿಗಳು ಬಾಗಿಲ ಮುಂದಿನ ಕಾಲೊರಸಿಗೆ ಯೋಗ್ಯವಾದವು.

ಚೂರುಗಳ ಉಪಯೋಗವನ್ನು ಉತ್ತರ ಕನ್ನಡದ ಸಿದ್ದಿ ಹೆಂಗಸರಿಂದ ಕಲಿಯಬೇಕು. ಆಫ್ರಿಕೆಯ ಮೂಲದವರಾದ ಈ ಜನರು ಹಳಿಯಾಳ, ಯಲ್ಲಾಪುರ, ಮುಂಡಗೋಡಗಳ ಕಡೆ ನೆಲೆಸಿರುವರು. ಅವರು ಕೌದಿಯನ್ನು ಒಂದು ಮೂಲೆಯಿಂದ ಹಿಡಿದು ಅಂಚುಗುಂಟ ಸುತ್ತುತ್ತ ನಡುವಿಗೆ ತರುವರು. ಸಣ್ಣ ಚೂರುಗಳನ್ನು ಮುಮ್ಮೂಲೆಯಾಗಿ ಮಡಿಚಿ ನಾಲ್ಕೂ ಮೂಲೆಗೆ ಹೂವಾಗಿ ಹಚ್ಚುವರು. ಹೂವಿಲ್ಲದ ಕೌದಿಯು ಅವರ ಕಣ್ಣಿಗೆ ಪೂರ್ತಿಯಾದುದಲ್ಲ. ಬಂಗಾಲದ ಕಾಂಥಾ ಹೊಲಿಯುವವರು ಇನ್ನೂ ಮುಂದೆ ಹೋಗಿ, ಹಳೆಯ ಸೀರೆಯ ದಡಿಯಿಂದ ಬಣ್ಣದ ಎಳೆಗಳನ್ನು ಸೆಳೆದು ಅದರಿಂದಲೇ ಹೊಲಿಯುತ್ತಿದ್ದರು.

ಹಳೆಯ ಬಿಳಿಯ ಧೋತರದ ಪಟ್ಟಿಗಳು ಮಿಕ್ಕರೆ ದೇವರ ಮುಂದಿನ ಬತ್ತಿಗೆ ಎತ್ತಿಡಬಹುದು. ಬಣ್ಣದ ಒಂದು ಉದ್ದನೆಯ ಪಟ್ಟಿಯನ್ನು ಮಾತ್ರ ಉಳಿಸಿಕೊಳ್ಳಿರಿ. ಬೇಸಿಗೆಯಲ್ಲಿ ಕೌದಿಯನ್ನು ಬಿಸಿಲಿಗೆ ಕಾಯಿಸಿ ಸುತ್ತಿಡುವಾಗ ಕಟ್ಟಲು ಅದು ಬೇಕಾಗುವದು.