ಚೌಕಿಮನೆಯ ಚಿನ್ನ

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಯಕ್ಷಗಾನದ ಆಟ ನೋಡಲು ಹೋದವರು ಭಾಗವತರ ಪದ ಶುರುವಾಗುವ ಮುಂಚೆ, ವೇಷ ಕಟ್ಟುವ ಚೌಕಿಮನೆಗೊಮ್ಮೆ ಇಣುಕಬೇಕು. ಪೆಟ್ಟಿಗೆ ತೆರೆದಿರುತ್ತದೆ. ಕಿರೀಟ, ಭುಜಕೀರ್ತಿ, ಎದೆಕಟ್ಟು, ಕರ್ಣಕುಂಡಲ, ಡಾಬು ಚಾಪೆಯ ಮೇಲೆ ಹರಡಿಕೊಂಡು ಅರಮನೆಯ ಭಂಡಾರದಂತೆ ಹೊಳೆಯುತ್ತಿರುತ್ತವೆ. ಕೈಗೆತ್ತಿಕೊಂಡರೆ ಹಗುರ. ಅದೆಲ್ಲ ಮರ!

ಹಗುರ ಜಾತಿಯ ಮರವನ್ನು ಎಸಳು, ಮೊಗ್ಗು, ಬಿಲ್ಲೆಗಳಾಗಿ ಕೆತ್ತುತ್ತಾರೆ. ಅದರ ಮೇಲೆ ಬಂಗಾರ ಬಣ್ಣದ ತೆಳು ಬೇಗಡೆ ಹಾಳೆ ಅಂಟಿಸಿ, ಪ್ರತಿ ಉಬ್ಬುತಗ್ಗಿಗೂ ಬೆರಳಿನಿಂದ ಒತ್ತಿ ಕೂರಿಸಬೇಕು. ನಡುನಡುವೆ ಕೆಂಪು, ಹಸಿರು ಬೇಗಡೆ, ಕನ್ನಡಿಯ ಚೂರು. ಎದೆಕಟ್ಟನ್ನು ಒಂದೇ ಹಲಗೆಯಲ್ಲಿ ಕೆತ್ತಿದರೆ ಮಂಡಿ ಕುಣಿಯುವವನ ಮೈಗೆ ಅದು ಬಗ್ಗದು. ಸಣ್ಣ ತುಂಡುಗಳನ್ನು ಬಟ್ಟೆಗೆ ಜೋಡಿಸಿ ಕಟ್ಟುವುದು ಅದಕ್ಕೇ.

ಮೇಲೆ ಬೇಗಡೆ ಹಚ್ಚುವುದಾದರೆ ಇಷ್ಟು ಆಳವಾಗಿ ಕೆತ್ತುವುದೇಕೆ? ಉತ್ತರ ಬೆಳಕಿನಲ್ಲಿದೆ. ದೀವಟಿಗೆಯ ಜ್ವಾಲೆ ಅಲುಗಾಡುತ್ತದೆ. ಅದರ ಎದುರು ನಯವಾದ ತಗಡು ಒಮ್ಮೆ ಮಿಂಚಿ ಸುಮ್ಮನಾಗುತ್ತದೆ. ಕೆತ್ತಿದ ಮೇಲ್ಮೈಯಲ್ಲಾದರೆ ನೆರಳೂ ಹೊಳಪೂ ಎಸಳಿನಿಂದ ಎಸಳಿಗೆ ಓಡಾಡುತ್ತವೆ. ವೇಷಧಾರಿ ನಿಂತಲ್ಲೇ ನಿಂತರೂ ಕಿರೀಟ ಉಸಿರಾಡುತ್ತದೆ. 1714ರಿಂದ 1830ರವರೆಗಿನ ಜಾರ್ಜಿಯನ್ ಇಂಗ್ಲೆಂಡಿನ ಬಡಗಿಗಳಿಗೂ ಈ ಗುಟ್ಟು ತಿಳಿದಿತ್ತು. ಕೆತ್ತಿದ ಕುರ್ಚಿ, ಕನ್ನಡಿ ಚೌಕಟ್ಟುಗಳಿಗೆ ಸೀಮೆಸುಣ್ಣದ ಪುಡಿ ಮತ್ತು ಅಂಟಿನ ಲೇಪ ಕೊಟ್ಟು, ಮೇಲೆ ಕೆಮ್ಮಣ್ಣು ಹಚ್ಚಿ, ಅದರ ಮೇಲೆ ಚಿನ್ನದ ರೇಕು ಹಾಸುತ್ತಿದ್ದರು. ಮೇಣದಬತ್ತಿಯ ಬೆಳಕಿಗೆ ಆ ಚಿನ್ನ ಬೆಚ್ಚಗೆ ಕಾಣುತ್ತಿತ್ತು. ಅಲ್ಲಿ ನಿಜವಾದ ಚಿನ್ನ, ಇಲ್ಲಿ ಬೇಗಡೆ. ಕಣ್ಣಿಗೆ ಮಾತ್ರ ನಮ್ಮದೇನೂ ಕಡಿಮೆಯಲ್ಲ ಎಂದೇ ನಾನು ಹೇಳುವೆ.

ಮರಕ್ಕೂ ಬಣ್ಣಕ್ಕೂ ಈ ಸೀಮೆಯಲ್ಲಿ ಹಳೆಯ ನಂಟು. ಶಿರಸಿಯ ಮಾರಿಕಾಂಬೆಯದೇ ಮರದ ಮೂರ್ತಿ, ಕೆಂಪು ಬಣ್ಣದ ಅಷ್ಟಭುಜೆ. ಎರಡು ವರ್ಷಕ್ಕೊಮ್ಮೆ ಜಾತ್ರೆಗೆ ರಥವೇರಿ ಬಿಡಕಿ ಬೈಲಿನ ಗದ್ದುಗೆಗೆ ಬರುತ್ತಾಳೆ. ಗಂಧದ ಕೆತ್ತನೆಗೆ ಹೆಸರಾದ ಗುಡಿಗಾರರು ಬೆಂಡಿನಿಂದ ಮದುವೆಯ ಬಾಸಿಂಗವನ್ನೂ ಮಾಡುತ್ತಾರೆ, ಅಲ್ಲಿಯೂ ಬೇಗಡೆಯ ಹೊಳಪು.

ಈಗ ರಂಗಸ್ಥಳಕ್ಕೆಲ್ಲ ವಿದ್ಯುತ್ ದೀಪ. ನಾಲ್ಕೂ ಕಡೆಯಿಂದ ಬೆಳಕು ಬಿದ್ದಾಗ ಕೆತ್ತನೆಯ ನೆರಳು ಅಳಿಸಿಹೋಗುತ್ತದೆ, ಕೆತ್ತಿದವನ ಅರ್ಧ ಕೆಲಸ ಕಾಣುವುದೇ ಇಲ್ಲ. ನನಗೆ ಇದು ನಿಜಕ್ಕೂ ನೋವಿನ ಸಂಗತಿ. ಎಲ್ಲಾದರೂ ದೀವಟಿಗೆ ಹಚ್ಚಿ ಆಟ ಆಡಿಸುತ್ತಾರೆಂದು ಸುದ್ದಿ ಬಂದರೆ ಬಿಡಬೇಡಿ. ಮುಂದಿನ ಸಾಲಿನಲ್ಲಿ, ಜ್ವಾಲೆಯ ಪಕ್ಕಕ್ಕೆ ಕುಳಿತು, ರಾಜವೇಷ ತಿರುಗುವಾಗ ಭುಜಕೀರ್ತಿಯನ್ನೇ ನೋಡಿ.