ಯೇಲ್ ಕಾಲೇಜು ಮತ್ತು ಗುಲಾಮಗಿರಿ: ದಾನಗಳ ಹಿಂದಿನ ಚರಿತ್ರೆ

ಅಮೆರಿಕದ ಗುಲಾಮಗಿರಿ ಎಂದೊಡನೆ ದಕ್ಷಿಣದ ಹತ್ತಿ ಮತ್ತು ತಂಬಾಕಿನ ತೋಟಗಳು ನೆನಪಿಗೆ ಬರುತ್ತವೆ. ಉತ್ತರದ ವಿದ್ಯಾಸಂಸ್ಥೆಗಳು ಈ ಕಳಂಕದಿಂದ ದೂರವಿದ್ದವು ಎಂಬ ಭಾವನೆ ಬಹುಕಾಲ ಪ್ರಚಲಿತವಾಗಿತ್ತು. ಕನೆಕ್ಟಿಕಟ್‌ನ ಯೇಲ್ ಕಾಲೇಜಿನ ದಾಖಲೆಗಳು ಈ ಭಾವನೆಯನ್ನು ಸಮರ್ಥಿಸುವುದಿಲ್ಲ.

1701ರಲ್ಲಿ ಸ್ಥಾಪಿತವಾದ ಈ ವಿದ್ಯಾಶಾಲೆಗೆ 1718ರಲ್ಲಿ ಎಲಿಹು ಯೇಲ್‌ನ ಹೆಸರನ್ನಿಡಲಾಯಿತು. ಈತ 1687ರಿಂದ 1692ರವರೆಗೆ ಮದರಾಸಿನ ಸೇಂಟ್ ಜಾರ್ಜ್ ಕೋಟೆಯಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಗವರ್ನರನಾಗಿದ್ದವನು. ಕಾಲೇಜಿಗೆ ಈತ ಕಳುಹಿಸಿದ್ದು ಒಂಬತ್ತು ಮೂಟೆ ಸರಕು, 417 ಪುಸ್ತಕಗಳು ಹಾಗೂ ದೊರೆ ಒಂದನೆಯ ಜಾರ್ಜನ ಭಾವಚಿತ್ರ. ಸರಕಿನ ಮಾರಾಟದಿಂದ 562 ಪೌಂಡು ದೊರೆಯಿತು. ಚೆನ್ನೈಯಲ್ಲಿರುವ ನಮ್ಮ ಓದುಗರು ಗಮನಿಸಬೇಕಾದ ಸಂಗತಿಯೆಂದರೆ, ಈತ ಕೋಟೆಯ ಆಡಳಿತದಲ್ಲಿದ್ದ ಕ್ಷಾಮದ ವರ್ಷಗಳಲ್ಲಿ ಆ ಬಂದರಿನಿಂದ ಕಂಪನಿಯ ಇತರ ನೆಲೆಗಳಿಗೆ ಗುಲಾಮರನ್ನು ಹಡಗೇರಿಸಲಾಗುತ್ತಿತ್ತು. 1688ರಲ್ಲಿ ಕೋಟೆಯ ಆಡಳಿತ ಮಂಡಲಿಯೇ ಈ ರಫ್ತನ್ನು ನಿಷೇಧಿಸಿತು. ಈತ ಸ್ವಂತಕ್ಕೆ ಗುಲಾಮರ ವ್ಯಾಪಾರ ನಡೆಸಿದನೇ ಎಂಬ ಬಗ್ಗೆ ವಿದ್ವಾಂಸರಲ್ಲಿ ವಾದವಿದೆ. ಆದರೆ ಆ ವ್ಯಾಪಾರವನ್ನು ನಡೆಸಿದ ಆಡಳಿತದ ಅಗ್ರಸ್ಥಾನದಲ್ಲಿ ಇವನಿದ್ದನೆಂಬುದು ನಿರ್ವಿವಾದ.

ಎರಡನೆಯ ದಾನಿ ತತ್ತ್ವಜ್ಞಾನಿ ಜಾರ್ಜ್ ಬರ್ಕ್ಲಿ. ನಮ್ಮ ತತ್ತ್ವಶಾಸ್ತ್ರದ ತರಗತಿಗಳಲ್ಲಿ ಈತನ ಹೆಸರನ್ನು ಕೇಳದವರಿಲ್ಲ. ರೋಡ್ ಐಲೆಂಡ್‌ನಲ್ಲಿ ಈತ ಕೊಂಡ 96 ಎಕರೆಯ ಜಮೀನಿನಲ್ಲಿ ಗುಲಾಮರನ್ನಿರಿಸಿಕೊಂಡಿದ್ದ. 1732ರಲ್ಲಿ ಆ ಜಮೀನು ಯೇಲ್‌ಗೆ ದಾನವಾಗಿ ಬಂದು, ಅದರ ಗೇಣಿಯಿಂದ ವಿದ್ಯಾರ್ಥಿವೇತನಗಳು ನಡೆದವು. 1750ರ ದಶಕದ ಆರಂಭದಲ್ಲಿ ಕಟ್ಟಿದ ಕನೆಕ್ಟಿಕಟ್ ಹಾಲ್‌ನ ನಿರ್ಮಾಣದಲ್ಲಿಯೂ ಗುಲಾಮರು ದುಡಿದಿದ್ದಾರೆ.

ನನ್ನ ದೃಷ್ಟಿಯಲ್ಲಿ ಇವೆಲ್ಲಕ್ಕಿಂತ ಹೆಚ್ಚು ವಿಚಾರಾರ್ಹವಾದದ್ದು 1831ರ ಪ್ರಸಂಗ. ಸಿಮಿಯನ್ ಜಾಸ್ಲಿನ್ ಎಂಬ ಬಿಳಿಯ ಪಾದ್ರಿ, ಕಾಲೇಜಿನ ಊರಾದ ನ್ಯೂ ಹೇವನ್‌ನಲ್ಲಿ ಕಪ್ಪು ವರ್ಣೀಯ ಯುವಕರಿಗಾಗಿ ಪ್ರತ್ಯೇಕ ಕಾಲೇಜೊಂದನ್ನು ತೆರೆಯುವ ಯೋಜನೆಯನ್ನು ಮುಂದಿಟ್ಟ. ಆ ವರ್ಷದ ಜೂನ್‌ನಲ್ಲಿ ಫಿಲಡೆಲ್ಫಿಯಾದಲ್ಲಿ ಸೇರಿದ ಸ್ವತಂತ್ರ ಕಪ್ಪು ವರ್ಣೀಯರ ಸಮ್ಮೇಳನವು ಇದನ್ನು ಅನುಮೋದಿಸಿತು. ಆಗಸ್ಟ್‌ನಲ್ಲಿ ವರ್ಜೀನಿಯಾದಲ್ಲಿ ನ್ಯಾಟ್ ಟರ್ನರ್‌ನ ಬಂಡಾಯ ನಡೆದು ಬಿಳಿಯರಲ್ಲಿ ಭೀತಿ ಹಬ್ಬಿತು. ಸೆಪ್ಟೆಂಬರ್ 10ರಂದು ನಗರದ ಮೇಯರ್ ಕರೆದ ಸಭೆ ಯೋಜನೆಯನ್ನು ತಿರಸ್ಕರಿಸಿತು. ವಿರೋಧವಾಗಿ ಸುಮಾರು 700 ಮತ, ಪರವಾಗಿ ಕೇವಲ 4! ಇಂಥ ಕಾಲೇಜು ಊರಿನಲ್ಲಿ ಈಗಿರುವ ವಿದ್ಯಾಸಂಸ್ಥೆಗಳ ಏಳಿಗೆಗೆ ಹೊಂದದು ಎಂಬುದು ನಿರ್ಣಯದ ಒಂದು ಕಾರಣ. ವಿರೋಧಿಗಳ ಮುಂಚೂಣಿಯಲ್ಲಿದ್ದ ಡೇವಿಡ್ ಡ್ಯಾಗೆಟ್ ಯೇಲ್‌ನಲ್ಲಿ ಕಾನೂನಿನ ಪ್ರಾಧ್ಯಾಪಕ. ಎರಡು ವರ್ಷಗಳ ಅನಂತರ, ಕಪ್ಪು ಹುಡುಗಿಯರಿಗೆ ಶಾಲೆ ನಡೆಸುತ್ತಿದ್ದ ಪ್ರುಡೆನ್ಸ್ ಕ್ರಾಂಡಲ್ ಎಂಬಾಕೆಯ ಮೊಕದ್ದಮೆಯಲ್ಲಿ, ಕಪ್ಪು ವರ್ಣೀಯರು ನಾಗರಿಕರೇ ಅಲ್ಲವೆಂದು ನ್ಯಾಯಪೀಠದಿಂದ ಹೇಳಿದವನೂ ಈತನೇ.

ಈ ದಾಖಲೆಗಳನ್ನು ಯಾರೂ ಬಚ್ಚಿಟ್ಟಿರಲಿಲ್ಲ. ಅವು ಕಾಲೇಜಿನ ಲೆಕ್ಕಪತ್ರಗಳಲ್ಲಿ, ಚರ್ಚಿನ ಕಡತಗಳಲ್ಲಿ, ಅಂದಿನ ಪತ್ರಿಕೆಗಳಲ್ಲಿ ಚದುರಿದ್ದವು. ಇತಿಹಾಸಕಾರ ಡೇವಿಡ್ ಬ್ಲೈಟ್ ಅವರ ನೇತೃತ್ವದಲ್ಲಿ ಸಿದ್ಧವಾದ ಸಮಗ್ರ ಚರಿತ್ರೆ 2024ರ ಫೆಬ್ರವರಿಯಲ್ಲಿ ಪ್ರಕಟವಾಯಿತು. ಅದರೊಡನೆಯೇ ವಿಶ್ವವಿದ್ಯಾಲಯವು ಕ್ಷಮೆಯನ್ನೂ ಯಾಚಿಸಿತು.

ಗುಲಾಮನಾಗಿ ಹುಟ್ಟಿ ಮೇರಿಲ್ಯಾಂಡ್‌ನಿಂದ ತಪ್ಪಿಸಿಕೊಂಡು ಬಂದ ಜೇಮ್ಸ್ ಪೆನಿಂಗ್ಟನ್ 1830ರ ದಶಕದಲ್ಲಿ ಯೇಲ್‌ನ ಧರ್ಮಶಾಸ್ತ್ರದ ತರಗತಿಗಳಲ್ಲಿ ಕುಳಿತು ಪಾಠ ಕೇಳಿದ. ಪ್ರವೇಶ ಕೊಡಲಿಲ್ಲ, ತರಗತಿಯಲ್ಲಿ ಮಾತನಾಡಲು ಬಿಡಲಿಲ್ಲ, ಗ್ರಂಥಾಲಯದಿಂದ ಪುಸ್ತಕ ಪಡೆಯುವ ಹಕ್ಕೂ ಇರಲಿಲ್ಲ. 1849ರಲ್ಲಿ ಜರ್ಮನಿಯ ಹೈಡೆಲ್‌ಬರ್ಗ್ ವಿಶ್ವವಿದ್ಯಾಲಯ ಅವನಿಗೆ ಗೌರವ ಡಾಕ್ಟರೇಟ್ ನೀಡಿತು. ಯೇಲ್‌ನ ಪದವಿ ಅವನ ಹೆಸರಿಗೆ ದೊರೆತದ್ದು ಮರಣೋತ್ತರವಾಗಿ, 2023ರಲ್ಲಿ.